ಕೂಳಿಯ ಕಳ್ಳ

ಕಳ್ಳ ಇವತ್ತೂ ಬರಲಿಲ್ಲ.

ಒಲೆ ಹಚ್ಚಿಟ್ಟು ಬಂದು ಜೊಂಡಿನ ಮರೆಯಲ್ಲಿ ಕೂತ ಲೆಂಪಿಗೆ ಮಂಡಿ ಹಿಡಿದುಹೋಗಿತ್ತು. ಎಪ್ಪತ್ತೆಂಟರ ಹೆಂಗಸು ಮಾಡುವ ಕೆಲಸವೇ ಇದು! ಎದುರಿಗೆ ಸರೋವರ ಅಲುಗದೆ ಮಲಗಿತ್ತು. ಆಚೆ ದಡದ ಬರ್ಚ್ ಮರಗಳ ಹಿಂದಿನ ಕೆಂಪು ಮನೆಯೇ ಕಳ್ಳನದು. ಹೆಸರು ಓಯ್ವಾ, ಒಂಟಿ ಮುದುಕ. ಸರೋವರದ ಈ ತುದಿಯಲ್ಲಿ ಇರುವುದೇ ಎರಡು ಮನೆ, ಅವನದೊಂದು, ಅವಳದೊಂದು.

ಮೂರು ಬೇಸಿಗೆಯಿಂದ ಅವನು ದಿನಾ ಬೆಳಿಗ್ಗೆ ದೋಣಿಯಲ್ಲಿ ಬಂದು, ಅವಳ ದಡದಲ್ಲಿ ಮುಳುಗಿಸಿಟ್ಟ, ಮೀನು ಹಿಡಿಯುವ ತಂತಿಯ ಕೂಳಿಯನ್ನೆತ್ತಿ, ಒಳಗಿನ ಮೀನನ್ನು ಬುಟ್ಟಿಗೆ ಹಾಕಿಕೊಂಡು ಹೋಗುತ್ತಿದ್ದ. ಬೇರೆಯವರ ಕೂಳಿಗೆ ಕೈಹಾಕಿದವನು ಫಿನ್‌ಲೆಂಡಿನಲ್ಲಿ ಮತ್ತೆ ಮುಖ ಎತ್ತಿ ತಿರುಗುವಂತಿಲ್ಲ. ಹುಷಾರಿನ ಕಳ್ಳ ಬೇರೆ! ದೂರದಲ್ಲೇ ದೋಣಿ ನಿಲ್ಲಿಸಿ ಅವಳ ಮನೆಯ ಹೊಗೆಕೊಳವೆಯನ್ನು ನೋಡುತ್ತಿದ್ದ. ಅವಳು ಒಲೆಯ ಮುಂದಿದ್ದಾಳೆಂದು ಖಾತ್ರಿಯಾಗಬೇಕಲ್ಲ. ಒಮ್ಮೆ ಅವಳು ತಡವಾಗಿ ಎದ್ದ ದಿನ, ಹೊಗೆ ಕಾಣುವವರೆಗೆ ಮಳೆಯಲ್ಲಿ ನೆನೆಯುತ್ತ ಒಂದು ಗಂಟೆ ಕಾದಿದ್ದ.

ಈಗ ಮೂರು ದಿನದಿಂದ ದೋಣಿಯ ಸುಳಿವಿಲ್ಲ.

ಹತ್ತು ಗಂಟೆಗೆ ಅಂಗಡಿ ವ್ಯಾನು ರಸ್ತೆಯಲ್ಲಿ ನಿಂತು ಹಾರ್ನ್ ಹೊಡೆಯಿತು.

"ಸಿಕ್ಕಿದ್ನಾ ಅಜ್ಜಿ, ನಿಮ್ಮ ಕಳ್ಳ?" ವ್ಯಾನು ಓಡಿಸುವ ಹುಡುಗಿ ಸಿರ್ಕಾ, ಬ್ರೆಡ್ಡು ಕೊಡುತ್ತ ಕೇಳಿದಳು. "ಪೊಲೀಸರಿಗೆ ಹೇಳಿ ಅಂದ್ರೆ ಕೇಳೋದೇ ಇಲ್ಲ."

"ಸುಮ್ನಿರೇ. ನನ್ನ ಕಳ್ಳ, ನಾನು ನೋಡ್ಕೋತೀನಿ." ಲೆಂಪಿ ಬ್ರೆಡ್ಡನ್ನು ಚೀಲಕ್ಕೆ ತುರುಕಿದಳು. "ಆಚೆ ದಡದ ಓಯ್ವಾ ಚೆನ್ನಾಗಿದಾನಾ?"

"ಎಲ್ಲಿ ಚೆನ್ನಾಗಿರ್ತಾರೆ? ಸೌನಾ ಹಬೆಮನೆ ಮೆಟ್ಟಿಲಲ್ಲಿ ಜಾರಿ ಕಾಲು ಮುರ್ಕೊಂಡಿದಾರೆ. ತಿಂಗಳುಗಟ್ಟಲೆ ದೋಣಿ ಹತ್ತೋ ಹಾಗಿಲ್ಲ. ಈಗ ಅಲ್ಲಿಗೇ ಹೊರಟಿದೀನಿ."

ಲೆಂಪಿ ಆಚೆ ದಡದತ್ತ ನೋಡಿದಳು. ಮೂರು ದಿನದಿಂದ ಏನು ತಿಂದನೋ ಪುಣ್ಯಾತ್ಮ! ಅವಳ ಕೂಳಿಗೆ ಕೆಸರು ತುಂಬಿ, ತಾನಾಗಿ ಒಂದು ಮೀನೂ ಬೀಳದೆ ಎರಡು ವರ್ಷವಾಗಿತ್ತು. ಬೇರೆಡೆ ಬಲೆ ಹಾಕಿ ಹಿಡಿದ ಎರಡು ಮೀನನ್ನು ಸಂಜೆ ಸಂಜೆ ತಂದು ಅದರೊಳಗೆ ಬಿಡುತ್ತಿದ್ದವಳು ಅವಳೇ. ಕೆಲಸವಿಲ್ಲದೆ ಒಬ್ಬರ ಅಂಗಳಕ್ಕೆ ಇನ್ನೊಬ್ಬರು ಕಾಲಿಡುವ ರೂಢಿ ಅಲ್ಲಿಲ್ಲ. ಕೈಯೆತ್ತಿ ಕೊಟ್ಟರೆ ಓಯ್ವಾ ಮುಟ್ಟುವ ಪೈಕಿಯೂ ಅಲ್ಲ. ಕೂಳಿ ಖಾಲಿಯಿದ್ದರೆ ಕಳ್ಳ ಬರುವುದು ನಿಲ್ಲುತ್ತದೆ. ಆಮೇಲೆ ದಿನಕ್ಕೊಂದು ಮನುಷ್ಯರ ಮುಖವೂ ಇಲ್ಲ. ಆ ಯೋಚನೆ ಬಂದರೆ ಸಾಕು, ಅವಳಿಗೆ ಹೆದರಿಕೆಯಾಗುತ್ತಿತ್ತು.

"ಒಂದು ನಿಮಿಷ ನಿಲ್ಲೇ!"

ಕುಂಟುತ್ತ ಮನೆಗೆ ಹೋಗಿ, ಹೊಗೆಯಲ್ಲಿ ಬೇಯಿಸಿಟ್ಟಿದ್ದ ಮೀನನ್ನು ಕಾಗದದಲ್ಲಿ ಸುತ್ತಿ ತಂದಳು.

"ಇದನ್ನ ಅವನಿಗೆ ಕೊಡು. ನಾನು ಕೊಟ್ಟೆ ಅನ್ಬೇಡ. ಪಾಪ, ಮೀನು ಅಂದ್ರೆ ಪ್ರಾಣ ಬಿಡ್ತಾನೆ."

ಸಿರ್ಕಾ ಪೊಟ್ಟಣವನ್ನು ಮೂಸಿ ನೋಡಿ ಅವಳ ಕೈಗೇ ವಾಪಸು ಇಟ್ಟಳು.

"ಅಯ್ಯೋ ಅಜ್ಜಿ, ಮೀನು ತಿಂದ್ರೆ ಅವರಿಗೆ ಗಂಟಲು ಊದ್ಕೊಳ್ಳತ್ತೆ. ಹುಟ್ಟಿದಾಗಿಂದ ಒಂದು ತುಂಡೂ ಬಾಯಿಗೆ ಇಟ್ಟೋರಲ್ಲ."

ಲೆಂಪಿ ತಿರುಗಿ ತನ್ನ ಮನೆಯ ಹೊಗೆಕೊಳವೆಯನ್ನು ನೋಡಿದಳು.