ಮೊಂಡಿಯ ಗುಂಡಿಗೆ

ಎಷ್ಟು ಕೇಳಿದರೂ ತಪ್ಪು ಸಿಗಲಿಲ್ಲ. ಡಾಕ್ಟರು ಕುದುರೆಯ ಎಡ ಮುಂಗಾಲಿನ ಹಿಂದೆ, ಪಕ್ಕೆಗೆ ಸ್ಟೆತಸ್ಕೋಪನ್ನು ಇನ್ನಷ್ಟು ಒತ್ತಿ ಹಿಡಿದಳು. ನಿಧಾನವಾದ, ಗಟ್ಟಿಯಾದ ಬಡಿತ. ಒಂದೂ ಆಚೀಚೆ ಇಲ್ಲ. ಬೇರೆ ದಿನವಾಗಿದ್ದರೆ ಕುದುರೆಯ ಬೆನ್ನು ತಟ್ಟಿ ಮನೆಗೆ ಹೋಗುತ್ತಿದ್ದಳು. ಇವತ್ತು ಕೇಳಿದಷ್ಟೂ ಸಿಟ್ಟು ಬರುತ್ತಿತ್ತು.

"ನಾಟಕ ಆಡ್ತೀಯೇನೇ?" ಎಂದಳು.

ಮೊಂಡಿ ಕಿವಿ ಅಲ್ಲಾಡಿಸಿ ಹುಲ್ಲಿಗೆ ಬಾಯಿ ಹಾಕಿತು.

ಮೊಂಡಿ ಅಣ್ಣನ ಕುದುರೆ. ಹೋದ ತಿಂಗಳು ಬೇಲಿ ಹಾರುವ ಪಂದ್ಯದಲ್ಲಿ, ಒಂದು ಬೇಲಿ ದಾಟಿ ಇನ್ನೊಂದರ ಕಡೆ ಓಡುತ್ತಿದ್ದದ್ದು ನಡುವೆಯೇ ವೇಗ ಇಳಿಸಿ ಸುಮ್ಮನೆ ನಿಂತುಬಿಟ್ಟಿತ್ತು. ಅಣ್ಣ ಕೆಳಗೆ ಬಿದ್ದ. ಕತ್ತು ಮುರಿದಿತ್ತು. ಏನನ್ನೋ ನೋಡಿ ಬೆದರಿರಬೇಕು ಎಂದರು ಜನ. ಕುದುರೆ ಯಾಕೆ ನಿಂತಿತೆಂದು ಗೊತ್ತಿದ್ದವಳು ಡಾಕ್ಟರೊಬ್ಬಳೇ. ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಈಗಿನ ಸವಾರರಿಗೆ ಒಂದು ಗೀಳು. ತಮ್ಮ ಎದೆಗೊಂದು, ಕುದುರೆಯ ಹೊಟ್ಟೆಗೊಂದು ಬೆಲ್ಟು ಕಟ್ಟಿ ಬಡಿತವನ್ನೆಲ್ಲ ಫೋನಿನಲ್ಲಿ ನೋಡುವುದು. ಪಂದ್ಯಕ್ಕೆ ಮುಂಚಿನ ವಾರ ಅಣ್ಣ ತಾಲೀಮು ಮುಗಿಸಿ, ಬೇಲಿಯ ಪಕ್ಕದ ಕಲ್ಲಿನ ಮೇಲೆ ಕೂತು, ಬೆವರು ಒರೆಸಿಕೊಳ್ಳುತ್ತಾ ಫೋನನ್ನು ಅವಳ ಮುಂದೆ ಹಿಡಿದಿದ್ದ. "ಇದ್ಯಾಕೆ ಹೀಗೆ, ನೋಡು."

ಬಡಿತದ ಗೆರೆ ಎರ್ರಾಬಿರ್ರಿ ಓಡಿತ್ತು. ಎರಡು ಬಡಿತ ಒಂದರ ಮೇಲೊಂದು, ಆಮೇಲೆ ದೊಡ್ಡ ಬಿಡುವು, ಮತ್ತೆ ಗಡಿಬಿಡಿ. ತಾಳವೇ ಇಲ್ಲ. ಹೃದಯದ ಮೇಲಿನ ಕೋಣೆ ಹಿಂಡುವುದನ್ನು ಬಿಟ್ಟು ನಡುಗುತ್ತಿದ್ದರೆ ಹೀಗಾಗುತ್ತದೆ. ನೋಡಿದ ಕೂಡಲೇ ಗೊತ್ತಾಯಿತು.

"ಸಾಯೋ ಕಾಯಿಲೆನಾ?" ಅಣ್ಣ ನಗುನಗುತ್ತಲೇ ಕೇಳಿದ್ದ.

"ಛೆ, ಬಿಡು. ಎಷ್ಟೋ ಸಲ ಒಳಗೆ ಬೇರೆ ರೋಗವೇ ಇರಲ್ಲ. ಇದನ್ನಿಟ್ಕೊಂಡೇ ವರ್ಷಗಟ್ಟಲೆ ಓಡ್ತವೆ. ಆದ್ರೂ ಒಂದ್ಸಲ ಸ್ಕ್ಯಾನ್ ಮಾಡಿ ನೋಡ್ಬೇಕು. ಅಲ್ಲೀವರೆಗೆ ಪಂದ್ಯ ಬೇಡ."

"ಇದೊಂದು ಪಂದ್ಯ ಮುಗೀಲಿ ಕಣೇ. ಆಮೇಲೆ ನೀನು ಹೇಳ್ದಂಗೆ ಕೇಳ್ತೀನಿ. ಅತ್ತಿಗೆ ಕಿವಿಗೆ ಮಾತ್ರ ಹಾಕ್ಬೇಡ."

ಅಣ್ಣ ಅಂಗಲಾಚಿದ್ದನ್ನು ಅವಳು ಅದುವರೆಗೆ ನೋಡಿರಲಿಲ್ಲ. ಪಕ್ಕದಲ್ಲಿ ಮೊಂಡಿ ಆರಾಮಾಗಿ ಹುಲ್ಲು ಕೀಳುತ್ತಿತ್ತು. ಸ್ಟೆತಸ್ಕೋಪು ಕಾರಿನಲ್ಲಿತ್ತು. ತರಲು ನಾಲ್ಕು ಹೆಜ್ಜೆ. ಬೇರೆ ಲಾಯದಲ್ಲಿ ಹೊಟ್ಟೆನೋವಿನ ಕುದುರೆಯೊಂದು ಕಾಯುತ್ತಿತ್ತು. ಗೆರೆಯನ್ನು ನೋಡಿಯಾಗಿದೆ, ಕಿವಿಯಿಟ್ಟು ಕೇಳುವುದೇನಿದೆ ಎಂದು ಹೊರಟುಬಿಟ್ಟಳು. ಪಂದ್ಯದ ಹಾಳೆಯಲ್ಲಿ ಕುದುರೆ ಆರೋಗ್ಯವಾಗಿದೆ ಎಂದು ಸಹಿ ಹಾಕಿದ್ದೂ ಅವಳೇ.

ಅಣ್ಣನನ್ನು ಕೈಯಾರೆ ಕೊಂದೆ ಎಂಬ ಮಾತು ಅಂದಿನಿಂದ ತಲೆಯಲ್ಲಿ ಕೊರೆಯುತ್ತಿತ್ತು. ಊಟದ ತಟ್ಟೆಯ ಮುಂದೆ ಕೂತರೂ ಅದೇ. ಅತ್ತಿಗೆಯ ಮುಖ ನೋಡುವ ಧೈರ್ಯವಿರಲಿಲ್ಲ. ಇವತ್ತು ಅತ್ತಿಗೆಯೇ ಕರೆಸಿದ್ದಳು: ಮಗಳು ಅಪ್ಪನ ಕುದುರೆಯನ್ನೇ ಹತ್ತುತ್ತೇನೆಂದು ಹಟ ಹಿಡಿದಿದ್ದಾಳೆ, ಒಮ್ಮೆ ನೋಡಿ ಹೂಂ ಅನ್ನು.

ಇನ್ನು ಸುಮ್ಮನಿದ್ದರೆ ಆ ಹುಡುಗಿಯೂ ಹೋಗುತ್ತಾಳೆ. ರೋಗ ಬಂದುಹೋಗಿ ಮಾಡುತ್ತಿರಬೇಕು, ಇವತ್ತು ಅಡಗಿ ಕೂತಿದೆ, ಅಷ್ಟೆ.

ಅತ್ತಿಗೆ ಲಾಯದ ಬಾಗಿಲಿಗೆ ಬಂದಳು. ಕೈಯಲ್ಲಿ ಮಗಳ ಹೊಸ ಹೆಲ್ಮೆಟ್ಟು.

"ಏನಂತಾಳೆ ನಮ್ಮ ಮೊಂಡಿ?"

"ಅತ್ತಿಗೆ, ಹುಡುಗಿ ಇದನ್ನ ಹತ್ತೋದು ಬೇಡ."

"ಯಾಕೆ? ಕಾಲೇನಾದ್ರೂ..."

"ಗುಂಡಿಗೆ ಸರಿಯಿಲ್ಲ. ನಂಗೆ ಮೊದಲೇ ಗೊತ್ತಿತ್ತು. ಪಂದ್ಯಕ್ಕೆ ಮುಂಚೇನೇ ಗೊತ್ತಿತ್ತು." ತಡೆದರೆ ಮತ್ತೆ ಬಾಯಿ ಬರುವುದಿಲ್ಲವೆಂದು ಒಂದೇ ಉಸಿರಿಗೆ ಎಲ್ಲ ಹೇಳಿದಳು. ಫೋನು, ಗೆರೆ, ಅಣ್ಣನ ಮಾತು, ತನ್ನ ಸಹಿ. "ನಂಗೆ ಬೈರಿ, ಹೊಡೀರಿ. ಅಣ್ಣ ಹೋಗಿದ್ದು ನನ್ನಿಂದ."

ಅತ್ತಿಗೆ ಬೈಯಲಿಲ್ಲ. ಹೆಲ್ಮೆಟ್ಟನ್ನು ಎದೆಗೊತ್ತಿಕೊಂಡಳು. ಆಮೇಲೆ ಅವಳ ಹುಬ್ಬು ಗಂಟಿಕ್ಕಿತು.

"ಯಾವತ್ತು ತೋರಿಸಿದ್ದು ಅಂದೆ?"

"ನೀವು ತವರಿಗೆ ಹೊರಟಿದ್ರಲ್ಲ, ಆವತ್ತು ಬೆಳಿಗ್ಗೆ."

"ಮೊಂಡಿದೇ ಅಂತ ಹೇಳಿದ್ರಾ ಅವರು?"

ಡಾಕ್ಟರು ಆವತ್ತಿನ ಮಾತುಗಳನ್ನು ಒಂದೊಂದಾಗಿ ನೆನೆದಳು. ಹೇಳಿದ್ದನೇ? ನೋಡು ಎಂದಿದ್ದ. ಹೀಗೇಕೆ ಎಂದಿದ್ದ. ಸಾಯುವ ಕಾಯಿಲೆಯೇ ಎಂದು ಕೇಳಿದ್ದ.

"ಯಾಕೆ ಕೇಳ್ತೀರಿ, ಅತ್ತಿಗೆ?"

"ಹಿಂದಿನ ದಿನಾನೇ ಮೊಂಡಿ ಬೆಲ್ಟು ಕಿತ್ತುಹೋಗಿತ್ತು, ಹೊಲಿಸ್ಕೊಂಡು ಬರ್ತೀನಿ ಅಂತ ನಾನೇ ತವರಿಗೆ ತಗೊಂಡ್ಹೋಗಿದ್ದೆ," ಎಂದಳು ಅತ್ತಿಗೆ. "ಆವತ್ತು ಬೆಲ್ಟು ಇದ್ದಿದ್ದು ನಿಮ್ಮಣ್ಣನ ಎದೆ ಮೇಲೆ ಮಾತ್ರ."