ತಾರಕ್ಕನ ಹೂಂ

ತಾರಕ್ಕನೂ ತಂಗಿ ವನಮಾಲಳೂ ಎದುರುಬದುರು ಕೂತು ಅವರೆಕಾಳು ಹಿತುಕುತ್ತಿದ್ದರು. ಬೀದಿಯ ಎಲ್ಲರಂತೆ ಇಬ್ಬರದೂ ಯಂತ್ರದ ಕಣ್ಣು, ಯಂತ್ರದ ಕಿವಿ. ಅವನ್ನು ನಡೆಸುವ ತಂತ್ರಾಂಶವನ್ನು ವನಮಾಲ ಮತ್ತವಳ ಗೆಳತಿಯರೇ ಬರೆದು ಊರಿಗೆಲ್ಲ ಪುಕ್ಕಟೆ ಹಂಚಿದ್ದರು. ಈಗ ಯಾವುದೋ ಕಂಪನಿ ಅದು ತನ್ನದೆನ್ನುತ್ತಿತ್ತು.

“ನಾವು ಬರೆದಿದ್ದಕ್ಕೆ ಅವರು ಬೇಲಿ ಹಾಕ್ತಾರಂತೆ ಅಕ್ಕಾ!”

“ಹೂಂ,” ಎಂದಳು ತಾರಕ್ಕ. ಯಾರು ಏನು ಹೇಳಿದರೂ ಹೂಂಗುಟ್ಟುವುದು ಅವಳ ರೂಢಿ.

ಅದೇ ಹೊತ್ತಿಗೆ ಅವಳ ಕಿವಿಯೊಳಗೆ ಕಂಪನಿಯ ದನಿ ಮೆಲ್ಲಗೆ ಓದುತ್ತಿತ್ತು: “ಮೊದಲ ಷರತ್ತಿಗೆ ನಿಮ್ಮ ಒಪ್ಪಿಗೆ ದಾಖಲಾಯಿತು. ಎರಡನೆಯದು: ಹಳೆಯ ಪುಕ್ಕಟೆ ತಂತ್ರಾಂಶದ ಪರವಾನಗಿ ಬಿಡದವರು ಇನ್ನು ನಿಮಗೆ ಕಾಣಿಸುವುದಿಲ್ಲ. ಒಪ್ಪಿಗೆಯೇ?”

“ನಾನಂತೂ ಸತ್ರೂ ಒಪ್ಪಲ್ಲ,” ಎಂದಳು ವನಮಾಲ.

“ಹೂಂ.”

ಎದುರಿನ ಮಣೆ ಖಾಲಿಯಾಯಿತು. ಅವರೆಕಾಳು ಮಾತ್ರ ಗಾಳಿಯಲ್ಲೇ ಸಿಪ್ಪೆ ಕಳಚಿಕೊಂಡು ಬಟ್ಟಲಿಗೆ ಜಿಗಿಯುತ್ತಿದ್ದವು. ತಾರಕ್ಕ ಗಕ್ಕನೆ ಬಾಯಿ ಮುಚ್ಚಿಕೊಂಡಳು.

“ಕೊನೆಯ ಷರತ್ತು: ಅವರ ಮಾತೂ ನಿಮಗೆ ಕೇಳಿಸುವುದಿಲ್ಲ. ಒಪ್ಪಿಗೆಯೇ?”

“ಯಾಕೆ ಸುಮ್ಮನಾದೆ ಅಕ್ಕಾ?” ಖಾಲಿ ಮಣೆಯಿಂದ ತಂಗಿ ಕೂಗಿದಳು. “ನಾನು ಹೇಳೋದು ಕೇಳಿಸ್ತಿದೆ ತಾನೆ?”

ಕೇಳಿಸುತ್ತಿದೆ ಎನ್ನಲು ಹೊರಟ ತಾರಕ್ಕನ ಗಂಟಲಿಂದ, ಐವತ್ತು ವರ್ಷದ ರೂಢಿ, ಅದೇ ಹೊರಬಿತ್ತು.

“ಹೂಂ.”