ಗಿರಿಯಪ್ಪನ ಕಿಡ್ನಿ

“ಸೊಪ್ಪು ಮುಗೀತು ಸಾರ್. ಒಂದೆಲೆನೂ ಇಲ್ಲ,” ಎಂದು ಕುಮುದಾ ಬಾಗಿಲಿಗೆ ಅಡ್ಡ ನಿಂತಳು.

ಹಸಿ ಸುಳ್ಳು. ಹಿತ್ತಿಲಿನಲ್ಲಿ ನೆಲನೆಲ್ಲಿ ಗಿಡ ಕಾಲಿಡಲು ಜಾಗವಿಲ್ಲದಷ್ಟು ಎದ್ದಿತ್ತು. ಸಾಗರದ ಕಾಲೇಜಿನ ಲೆಕ್ಚರರ್ ಅಭಿಷೇಕ ಖಾಲಿ ಚೀಲ ಹಿಡಿದುಕೊಂಡೇ ಬೇಲಿಯಾಚೆ ಇಣುಕಿದ. ಔಷಧಿಗಳ ಹೊಡೆತದಿಂದ ಕಿಡ್ನಿಯನ್ನು ಕಾಯುವ ಅಂಶ ಯಾವ ಗಿಡದಲ್ಲಿದೆ ಎಂದು ಹುಡುಕುವುದು ಅವನ ಸಂಶೋಧನೆ. ಅವನನ್ನು ತಾಳಗುಪ್ಪದವರೆಗೆ ಎಳೆದು ತಂದದ್ದು ಕುಮುದಾಳ ಮಾವ ಗಿರಿಯಪ್ಪನ ಕಿಡ್ನಿ.

ಆ ಕಿಡ್ನಿಯ ಕೀರ್ತಿ ಸಣ್ಣದಲ್ಲ. ಮಂಡಿನೋವಿಗೆಂದು ಗಿರಿಯಪ್ಪ ವರ್ಷಗಟ್ಟಲೆ ಮೆಡಿಕಲ್ ಶಾಪಿನ ನೋವಿನ ಮಾತ್ರೆ ನುಂಗಿದ ಮನುಷ್ಯ. ಹೋದ ವರ್ಷ ರಕ್ತಪರೀಕ್ಷೆ ಮಾಡಿಸಿದ ಡಾಕ್ಟರು, ಕಿಡ್ನಿ ಸೋಲುತ್ತಿದೆ, ಇವತ್ತೇ ಮಾತ್ರೆ ಬಿಡು ಎಂದು ಗದರಿದ್ದರು. ಬಿಡುವ ಆಸಾಮಿಯೇ ಅಲ್ಲ! ಕಣ್ಣಿಗೆ ಪೊರೆ ಬಂದಿದ್ದರಿಂದ ಮಾತ್ರೆಯ ಪಟ್ಟಿ ಒಡೆದು ಡಬ್ಬಿಗೆ ತುಂಬುವುದು ಸೊಸೆಯ ಕೆಲಸ. ಕೊಡುವುದಿಲ್ಲ ಎಂದರೆ ಊಟ ಬಿಟ್ಟು, ಗೋಡೆ ಕಡೆ ತಿರುಗಿ ಮಲಗಿಬಿಡುತ್ತಿದ್ದ. ಬೇರೆ ದಾರಿ ಕಾಣದೆ ಕುಮುದಾ ದಿನಾ ಬೆಳಗ್ಗೆ ನೆಲನೆಲ್ಲಿ ಅರೆದು ರಸ ಕುಡಿಸತೊಡಗಿದಳು. ಈ ಸಲದ ರಿಪೋರ್ಟು ನೋಡಿ ಡಾಕ್ಟರೇ ಬೆಪ್ಪಾದರು. ಕಿಡ್ನಿ ಸುಧಾರಿಸಿತ್ತು.

ಅಲ್ಲಿಂದ ಗಿರಿಯಪ್ಪನ ಬಾಯಿಗೆ ಬೀಗವಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದವರನ್ನೆಲ್ಲ ತಡೆದು ನಿಲ್ಲಿಸಿ ಸಾರಿದ್ದೇ ಸಾರಿದ್ದು. “ಒಂದು ಹೊತ್ತೂ ಮಾತ್ರೆ ತಪ್ಸಿಲ್ಲ ಮಾರಾಯಾ. ಈಗಿನ ಮಾತ್ರೇಲಿ ಸತ್ವ ಇಲ್ಲ, ಒಂದು ನುಂಗೋ ಕಡೆ ಎರಡು ನುಂಗ್ತೀನಿ. ಆದ್ರೂ ಕಿಡ್ನಿ ಹೊಸಾದಾಗಿದೆ ನೋಡು! ಎಲ್ಲಾ ನಮ್ಮ ಕುಮುದಾ ಕೊಡೋ ಸೊಪ್ಪಿನ ಮಹಿಮೆ.”

ಇಷ್ಟು ಹೊಗಳಿದರೆ ಯಾವ ಸೊಸೆಯ ಮುಖವಾದರೂ ಅರಳಬೇಕು. ಕುಮುದಾ ಮಾತ್ರ ತಲೆಯೆತ್ತುತ್ತಿರಲಿಲ್ಲ. ಸಂಜೆಯಾದರೆ ಮಾವನ ಮಂಡಿಗೆ ಬಿಸಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು. ಅವನು “ಅಯ್ಯಯ್ಯೋ” ಎಂದು ನರಳಿದಾಗಲೆಲ್ಲ ಅವಳು ಇನ್ನಷ್ಟು ಎಣ್ಣೆ ಬಿಸಿ ಮಾಡಿ ತರುತ್ತಿದ್ದಳು.

ರಸ ಕೇಳಿಕೊಂಡು ಜನ ಬರತೊಡಗಿದರು. ಎಲ್ಲರಿಗಿಂತ ಮುಂದೆ ಪಕ್ಕದ ಮನೆಯ ಮಾಸ್ತಪ್ಪ, ಸೊಂಟನೋವಿನವನು. ರಸ ಇದೆಯಲ್ಲ ಎಂಬ ಧೈರ್ಯದ ಮೇಲೆ ಬೇಕಾಬಿಟ್ಟಿ ನೋವಿನ ಮಾತ್ರೆ ನುಂಗಿದ.

“ಮಾತ್ರೆ ಅಷ್ಟೆಲ್ಲ ಬೇಡಿ ಮಾಸ್ತಪ್ಪಣ್ಣ,” ಎಂದು ಕುಮುದಾ ಬೇಡಿಕೊಂಡಿದ್ದಳು.

“ನಿನ್ ಮಾವಂಗೆ ಬೇಕು, ನಂಗೆ ಬೇಡ್ವಾ?” ಎಂದು ಅವನು ನಕ್ಕಿದ್ದ.

ಅವಳು ಏನೋ ಹೇಳಲು ಬಾಯಿ ತೆರೆದಳು. ಒಳಗೆ ಮಾವ ಕೆಮ್ಮಿದ್ದು ಕೇಳಿ ರಸದ ಲೋಟವನ್ನಷ್ಟೇ ಅವನ ಕೈಗಿಟ್ಟಳು. ಮೊನ್ನೆ ಮಾಸ್ತಪ್ಪನ ಮುಖ, ಕಾಲು ಎಲ್ಲ ಊದಿಕೊಂಡವು. ಈಗ ಸಾಗರದ ಆಸ್ಪತ್ರೆಯಲ್ಲಿ ಮಲಗಿದ್ದಾನೆ.

“ಗಿಡ ಬೇರೇದೇನೋ ಅಂತ ನಿಮಗೆ ಅನುಮಾನನಾ?” ಬೇಲಿಯ ಕಡೆಯಿಂದ ತಿರುಗಿ ಅಭಿಷೇಕ ಕೇಳಿದ. “ನಾನೇ ನೋಡಿದೀನಲ್ಲ, ಅಪ್ಪಟ ನೆಲನೆಲ್ಲಿ. ನೀವ್ಯಾಕೆ ಹೆದರ್ತೀರಿ?”

“ಗಿಡದ್ದೇನೂ ತಪ್ಪಿಲ್ಲ ಸಾರ್.” ಕುಮುದಾ ಬಾಗಿಲು ಎಳೆದುಕೊಂಡು ಅಂಗಳಕ್ಕಿಳಿದಳು. “ನನ್ನ ಸ್ವಲ್ಪ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀರಾ?”

ಆಸ್ಪತ್ರೆಯಲ್ಲಿ ಮಾಸ್ತಪ್ಪನ ಮಂಚದ ಪಕ್ಕ ಗಿರಿಯಪ್ಪನೇ ಕೂತಿದ್ದ. ಮಂಡಿ ನೀವಿಕೊಳ್ಳುತ್ತ ಧೈರ್ಯ ಹೇಳುತ್ತಿದ್ದ. ಕುಮುದಾಳನ್ನು ಕಂಡದ್ದೇ ಮಾಸ್ತಪ್ಪನ ಹೆಂಡತಿ ಕನ್ನಮ್ಮ ಓಡಿ ಬಂದಳು.

“ರಸ ತಂದ್ಯೇನೇ? ಇನ್ನೊಂದು ಮಾತ್ರೆ ನುಂಗಿದ್ರೂ ಕಿಡ್ನಿ ಕೈ ಬಿಡುತ್ತೆ ಅಂದಿದಾರೆ ಡಾಕ್ಟ್ರು. ಇವ್ರು ಕೇಳ್ತಾರಾ?”

ಮಾಸ್ತಪ್ಪ ಊದಿದ ಕೈಯನ್ನು ದಿಂಬಿನಡಿಗೆ ತೂರಿಸಿ ಎರಡು ಮಾತ್ರೆ ತೆಗೆದ.

“ಸೊಂಟ ಸೀಳ್ತಾ ಇದೆ ಮಾರಾಯ್ತಿ. ಗಿರಿಯಪ್ಪಣ್ಣಂಗೆ ಏನೂ ಆಗ್ದಿದ್ದು ನಂಗೆ ಆಗುತ್ತಾ? ರಸ ಕೊಡು, ಇದನ್ನ ನುಂಗ್ತೀನಿ.”

ಕುಮುದಾ ಅವನ ಅಂಗೈಯಿಂದ ಮಾತ್ರೆಗಳನ್ನು ಕಸಿದುಕೊಂಡಳು. ಇಷ್ಟು ದಿನ ನುಂಗಿಕೊಂಡಿದ್ದ ಭಯ, ನಾಚಿಕೆ ಎಲ್ಲ ಒಟ್ಟಿಗೆ ನುಗ್ಗಿ ಬಂತು. ಎಲ್ಲರೆದುರೇ ಜೋರಾಗಿ ಅತ್ತು, ಗಿರಿಯಪ್ಪನ ಕಾಲು ಹಿಡಿದುಕೊಂಡಳು.

“ತಪ್ಪಾಯ್ತು ಮಾವ. ಒಂದು ವರ್ಷದಿಂದ ನಾನು ನಿಮಗೆ ನುಂಗಿಸ್ತಿರೋದು ಬರೀ ವಿಟಮಿನ್ ಮಾತ್ರೆ.”